ಹಾಲಿಗೆ ಬಿಡುವಿಲ್ಲ

ಬೆಂಗಳೂರಿನ ದಕ್ಷಿಣದಲ್ಲಿ, ಹೊಸೂರು ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಒತ್ತೊತ್ತಾಗಿ ಕೂತಿರುವ ಸುದ್ದಗುಂಟೆಪಾಳ್ಯದಲ್ಲಿ ಬೆಳಕು ಹರಿಯುವುದಕ್ಕೆ ಮೊದಲೇ ಕಣ್ಣು ಬಿಡುವುದು ಹಾಲಿನ ಬೂತು. ಹಾಲಿನ ಕ್ರೇಟುಗಳನ್ನು ಇಳಿಸಿದ ವಾಹನ ಮುಂದಿನ ಬೀದಿಗೆ ಹೊರಟ ಮೇಲೆ ಬೇಕರಿಯ ಬಾಗಿಲು ತೆರೆಯುತ್ತದೆ. ಬಿಸಿಲೇರಿದ ಬಳಿಕ ದರ್ಜಿಯ ಹೊಲಿಗೆಯಂತ್ರದ ಸದ್ದು ಕೇಳತೊಡಗುತ್ತದೆ. ಸರಕನ್ನು ತಯಾರಿಸುವುದಕ್ಕೆ ಇರುವ ವಿಧಾನಗಳಾವುವು, ಉದ್ಯಮಿಯಾದವನು ಅವುಗಳಲ್ಲಿ ಒಂದನ್ನು ಹೇಗೆ ಆರಿಸಿಕೊಳ್ಳುತ್ತಾನೆ ಎಂಬುದನ್ನು ಕುರಿತು ವಾಣಿಜ್ಯಶಾಸ್ತ್ರದ ಗ್ರಂಥಗಳಲ್ಲಿ ದೀರ್ಘವಾದ ಅಧ್ಯಾಯಗಳುಂಟು. ಆ ಅಧ್ಯಾಯಗಳ ತಿರುಳೆಲ್ಲ ಈ ಮೂರು ಅಂಗಡಿಗಳಲ್ಲಿ ಅಡಗಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು.

ದರ್ಜಿಯದು ಬಿಡಿ ತಯಾರಿಕೆ. ಮದುವೆಯ ಹುಡುಗಿಯ ರವಿಕೆಗೆ ಅಳತೆ ತೆಗೆದುಕೊಂಡು, ಬಟ್ಟೆ ಕತ್ತರಿಸಿ, ಹೊಲಿದು, ಕೊಕ್ಕೆ ಹಾಕಿ ಮುಗಿಸಿದರೆ ಆ ರವಿಕೆಗೆ ಜೊತೆಯಾದ ಮತ್ತೊಂದು ರವಿಕೆ ಲೋಕದಲ್ಲಿಲ್ಲ. ಕೆಟ್ಟರೆ ಕೆಡುವುದು ಒಂದೇ. ಆದರೆ ಕೆಟ್ಟುದನ್ನು ಬೇರೊಬ್ಬರಿಗೆ ಮಾರುವಂತೆಯೂ ಇಲ್ಲ. ಇಲ್ಲಿ ಬಂಡವಾಳ ಕಡಮೆ, ಕುಶಲತೆ ಹೆಚ್ಚು, ಹಿಡಿಯುವ ಹೊತ್ತು ಇನ್ನೂ ಹೆಚ್ಚು. "ನಾಳೆ ಬನ್ನಿ" ಎಂಬ ದರ್ಜಿಯ ಮಾತನ್ನು ಕೇಳಿ ಗೊಣಗುವ ಗಿರಾಕಿಗಳು ಅದನ್ನು ಅವನ ಸ್ವಭಾವದ ದೋಷವೆಂದು ತಿಳಿಯುತ್ತಾರೆ. ಅರ್ಧಕ್ಕೆ ಮೇಲ್ಪಟ್ಟು ಅದು ಅವನು ಹಿಡಿದ ವಿಧಾನದ ದೋಷ.

ಬೇಕರಿಯದು ಕಂತಿನ ವಿಧಾನ. ಹಿಟ್ಟು ನಾದಿ, ಹುದುಗು ಬರಿಸಿ, ಅಚ್ಚುಗಳಿಗೆ ತುಂಬಿ, ಒಲೆ ಒಮ್ಮೆಗೆ ಎಷ್ಟು ಹಿಡಿಯುವುದೋ ಅಷ್ಟನ್ನು ಬೇಯಿಸುವುದು. ಅದು ಹೊರಬಂದ ಮೇಲೆ ಖಾರದ ಬನ್ನು, ಅದಾದ ಮೇಲೆ ದಿಲ್‌ಪಸಂದ್. 1898ರಲ್ಲಿ ಹಾಸನದ ಕಡೆಯ ಹೆಚ್. ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದ ಮೇಲೆ ಊರ ತುಂಬ ಹಬ್ಬಿದ ಅಯ್ಯಂಗಾರ್ ಬೇಕರಿಗಳೆಲ್ಲ ಇದೇ ದಾರಿಯಲ್ಲಿ ನಡೆದಿವೆ. ಸೌದೆಯ ಒಲೆಯ ಕಾಲದಲ್ಲಿ ಕಾವು ಮೇಲೇರಿದ್ದಾಗ ಬ್ರೆಡ್ಡು, ಇಳಿಯುತ್ತ ಬಂದಾಗ ಬಿಸ್ಕತ್ತು, ಆರುವ ಕಾವಿನಲ್ಲಿ ರಸ್ಕು ಎಂದು ಒಂದೇ ಸೌದೆಯ ಹೊರೆಯಿಂದ ಮೂರು ಕೆಲಸ ಮಾಡಿಸಿಕೊಳ್ಳುವ ಜಾಣತನವಿತ್ತು. ರಸ್ಕಂತೂ ಬೇಕರಿಯವನ ವಿಮೆ. ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಹೋಳುಮಾಡಿ ಮತ್ತೆ ಒಣಗಿಸಿದರೆ ನಾಳೆ ಬೂಸಲು ಹಿಡಿಯಬೇಕಾದ ವಸ್ತು ತಿಂಗಳುಗಟ್ಟಲೆ ಬಾಳುತ್ತದೆ. ಈ ರಸ್ಕಿನ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಬೇಕರಿಯವನು ಒಂದು ತುದಿಯಿಂದ ಹಿಟ್ಟು ಹೋಗಿ ಇನ್ನೊಂದು ತುದಿಯಿಂದ ಬ್ರೆಡ್ಡು ಬರುವ ಉದ್ದನೆಯ ಸುರಂಗದ ಒಲೆಯನ್ನೇಕೆ ಕೊಳ್ಳಬಾರದು? ಅಂಥ ಒಲೆಗಳು ದೊಡ್ಡ ಬ್ರೆಡ್ ಕಾರ್ಖಾನೆಗಳಲ್ಲಿ ಇದ್ದೇ ಇವೆ. ಆದರೆ ಅವು ಒಂದೇ ಬಗೆಯ ಬ್ರೆಡ್ಡನ್ನು ಸಾವಿರಗಟ್ಟಲೆ ಬೇಡುತ್ತವೆ, ನಿಲ್ಲದೆ ಬೇಡುತ್ತವೆ. ಪಾಳ್ಯದ ಗಿರಾಕಿಗೆ ಬೇಕಾದದ್ದು ಇಪ್ಪತ್ತು ಬಗೆ, ಒಂದೊಂದರಲ್ಲಿ ಸ್ವಲ್ಪ ಸ್ವಲ್ಪ. ಯಂತ್ರವನ್ನು ಕೊಳ್ಳುವ ಹಣವಿದ್ದರೂ ಅದರ ಹಸಿವನ್ನು ತಣಿಸುವ ಮಾರಾಟವಿಲ್ಲದಿದ್ದರೆ ಆ ಹಣ ಒಲೆಗೆ ಬಿದ್ದ ಸೌದೆಯೇ ಸರಿ.

ವೃತ್ತಕ್ಕೆ ಹೆಸರಿತ್ತ ಕಾರ್ಖಾನೆ

ಮೂರನೆಯದು ಹರಿವಿನ ವಿಧಾನ. ಅದನ್ನು ಕಾಣಬೇಕಾದರೆ ಬೂತಿನಿಂದ ಹೊರಟು ಉತ್ತರಕ್ಕೆ ಡೈರಿ ವೃತ್ತದವರೆಗೆ ನಡೆಯಬೇಕು. ವೃತ್ತಕ್ಕೆ ಆ ಹೆಸರು ಬಂದುದು ಅಲ್ಲಿರುವ ಬೆಂಗಳೂರು ಡೈರಿಯಿಂದ. ಹಾಲಿಗೂ ಈ ನೆಲಕ್ಕೂ ಇರುವ ನಂಟು ಆ ಡೈರಿಗಿಂತ ಹಳೆಯದು. ಪಕ್ಕದ ಆಡುಗೋಡಿಯಲ್ಲಿ 1923ರಲ್ಲಿಯೇ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಗಿತ್ತು. ಇಂದು ಅಲ್ಲಿರುವುದು ರಾಷ್ಟ್ರೀಯ ಹೈನುಗಾರಿಕಾ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ. 1927ರಲ್ಲಿ ಆರೋಗ್ಯ ಸುಧಾರಣೆಗಾಗಿ ಮೈಸೂರು ಸಂಸ್ಥಾನದಲ್ಲಿ ತಂಗಿದ್ದ ಗಾಂಧೀಜಿಯವರು ಇಲ್ಲಿಗೆ ಬಂದು ಗೋಪಾಲನೆಯ ಪಾಠಗಳನ್ನು ಕಲಿತರು. ಕೈಕಸುಬಿನ ಪರಮ ಪಕ್ಷಪಾತಿಯಾದ ಅವರೂ ಹಾಲಿನ ವಿಷಯದಲ್ಲಿ ಹೊಸ ಶಾಸ್ತ್ರವನ್ನು ತಿಳಿಯಲು ಹಿಂಜರಿಯಲಿಲ್ಲವೆಂಬುದು ಗಮನಾರ್ಹ.

ಆ ಕಾಲದ ಬೆಂಗಳೂರಿಗೆ ಹಾಲು ದೊರೆಯುತ್ತಿದ್ದ ರೀತಿ ದರ್ಜಿಯ ರೀತಿಯೇ. ಗೌಳಿಗನು ಹಸುವನ್ನೋ ಎಮ್ಮೆಯನ್ನೋ ಮನೆಯ ಬಾಗಿಲಿಗೇ ಹೊಡೆದುಕೊಂಡು ಬಂದು, ಮನೆಯಾಕೆಯ ಕಣ್ಣೆದುರಿಗೇ ಚೊಂಬಿಗೆ ಕರೆದುಕೊಡುತ್ತಿದ್ದನು. ನೀರು ಬೆರೆಸುವನೆಂಬ ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಔಷಧವಿರಲಿಲ್ಲ, ಚೊಂಬಿನ ತಳದಲ್ಲಿ ಮೊದಲೇ ನೀರಿರದಿದ್ದರೆ! ಊರು ಚಿಕ್ಕದಾಗಿದ್ದಷ್ಟು ಕಾಲ ಈ ಏರ್ಪಾಡು ನಡೆಯಿತು. ಊರು ಬೆಳೆದು ಬಡಾವಣೆಯ ಮೇಲೆ ಬಡಾವಣೆ ಎದ್ದಾಗ ಹಸು ನಡೆಯಬೇಕಾದ ದಾರಿ ಹೆಚ್ಚಿತು, ಮೇಯಬೇಕಾದ ಹುಲ್ಲು ಕಡಮೆಯಾಯಿತು. ಹಾಲು ಹಳ್ಳಿಯಿಂದ ಬರಬೇಕಾಯಿತು. ಹಳ್ಳಿಯಿಂದ ಬರುವ ಹಾಲು ದಾರಿಯಲ್ಲಿ ಒಡೆಯದಿರಬೇಕಾದರೆ ಕಾರ್ಖಾನೆ ಬೇಕಾಯಿತು.

1964ರ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಗುಜರಾತಿನ ಆನಂದದ ಬಳಿಯ ಹಳ್ಳಿಯೊಂದರಲ್ಲಿ ರಾತ್ರಿ ತಂಗಿ, ಹಾಲು ಹಾಕುವ ರೈತರೊಡನೆ ಮಾತನಾಡಿದ ಸಂಗತಿ ಪ್ರಸಿದ್ಧವಾದುದು. ಅದಾದ ಮೂರು ತಿಂಗಳಿಗೆ, 1965ರ ಜನವರಿಯಲ್ಲಿ, ಅವರೇ ಬೆಂಗಳೂರು ಡೈರಿಯನ್ನು ಉದ್ಘಾಟಿಸಿದರು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನ ನೆರವಿನಿಂದ ಎದ್ದ ಆ ಡೈರಿಯ ಸಾಮರ್ಥ್ಯ ದಿನಕ್ಕೆ 50,000 ಲೀಟರ್. ಅಂದಿನ ಲೆಕ್ಕಕ್ಕೆ ಅದು ದೊಡ್ಡ ಹೊಳೆಯೇ.

ಹೊಳೆಯನ್ನು ಕಡಾಯಿಯಲ್ಲಿ ಕಾಯಿಸಲು ಬಂದೀತೆ? ಹಾಲಿನಲ್ಲಿರುವ ರೋಗಾಣುಗಳನ್ನು ಕೊಲ್ಲುವ ಪಾಶ್ಚರೀಕರಣಕ್ಕೆ ಎರಡು ಪ್ರಸಿದ್ಧ ಮಾರ್ಗಗಳುಂಟು. ಒಂದು, ದೊಡ್ಡ ತೊಟ್ಟಿಯಲ್ಲಿ ಹಾಲನ್ನು ತುಂಬಿ, 63 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, 30 ನಿಮಿಷ ಹಾಗೆಯೇ ಹಿಡಿದು, ಬಳಿಕ ತಣಿಸುವುದು. ಇದು ಬೇಕರಿಯವನ ಮಾರ್ಗ. ಇನ್ನೊಂದು, ತೆಳುವಾದ ಉಕ್ಕಿನ ತಗಡುಗಳ ನಡುವೆ ಹಾಲನ್ನು ಹರಿಯಬಿಟ್ಟು, 72 ಡಿಗ್ರಿಗೆ ಏರಿಸಿ, ಕೇವಲ 15 ಸೆಕೆಂಡು ಆ ಕಾವಿನಲ್ಲಿ ಸಾಗಿಸಿ, ಕೂಡಲೇ 4 ಡಿಗ್ರಿಗೆ ಇಳಿಸುವುದು. ಎರಡರಿಂದಲೂ ಹಾಲು ಸುರಕ್ಷಿತವೇ ಆಗುತ್ತದೆ. ಮೊದಲನೆಯದಕ್ಕೆ ಯಂತ್ರ ಅಗ್ಗ. ಎರಡನೆಯದಕ್ಕೆ ಬಹಳ ದುಬಾರಿ. ಆದರೂ ದೊಡ್ಡ ಡೈರಿಗಳೆಲ್ಲ ಎರಡನೆಯದನ್ನೇ ಆರಿಸಿಕೊಂಡಿವೆ. ಹೊತ್ತಿನ ಉಳಿತಾಯ ಇದಕ್ಕೆ ಒಂದು ಕಾರಣ. ದೊಡ್ಡ ಕಾರಣ ಕಾವಿನ ಉಳಿತಾಯ.

ಮನೆಯಲ್ಲಿ ಕಾಯಿಸಿದ ಹಾಲನ್ನು ಬೇಗ ಆರಿಸಬೇಕಾದರೆ ಗೃಹಿಣಿಯು ಪಾತ್ರೆಯನ್ನು ತಣ್ಣೀರಿನಲ್ಲಿ ಇಡುತ್ತಾಳೆ. ಹಾಲು ತಣ್ಣಗಾಗುತ್ತದೆ, ನೀರು ಬೆಚ್ಚಗಾಗುತ್ತದೆ, ಆ ಬೆಚ್ಚನೆಯ ನೀರನ್ನು ಚೆಲ್ಲಲಾಗುತ್ತದೆ. ಕೊಟ್ಟ ಕಾವೆಲ್ಲ ಚರಂಡಿಗೆ ಹೋದಂತೆ. ನೀರಿನ ಬದಲು ನಾಳೆ ಕಾಯಿಸಬೇಕಾದ ತಣ್ಣನೆಯ ಹಾಲಿನಲ್ಲಿಯೇ ಈ ಪಾತ್ರೆಯನ್ನಿಟ್ಟರೆ? ಬಿಸಿ ಹಾಲು ಆರುತ್ತ ಆರುತ್ತ ತಣ್ಣನೆಯ ಹಾಲನ್ನು ಕಾಯಿಸಿಬಿಡುತ್ತದೆ. ಹರಿವಿನ ಯಂತ್ರದಲ್ಲಿ ನಡೆಯುವುದು ಇದೇ. ತಗಡಿನ ಈ ಮಗ್ಗುಲಲ್ಲಿ ಕಾದು ಹೊರಟ ಹಾಲು, ಆ ಮಗ್ಗುಲಲ್ಲಿ ತಣ್ಣಗೆ ಒಳಬರುವ ಹಾಲು. 4 ಡಿಗ್ರಿಯಲ್ಲಿ ಬಂದ ಹಾಲು ಹಬೆಯ ಹಂಗಿಲ್ಲದೆ ಸುಮಾರು 65 ಡಿಗ್ರಿಯವರೆಗೆ ಏರಿಬಿಡುತ್ತದೆ. ಉಳಿದ ಏಳೆಂಟು ಡಿಗ್ರಿಗಳಿಗಷ್ಟೇ ಉರುವಲು. ತೊಟ್ಟಿಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಬಿಸಿ ಹಾಲೂ ತಣ್ಣನೆಯ ಹಾಲೂ ಒಂದೇ ಗಳಿಗೆಯಲ್ಲಿ ಎದುರುಬದುರಾಗಿ ಹರಿಯುವುದಿಲ್ಲ. ಎಲ್ಲಿಯಾದರೂ ಕಾವು ಸಾಲದೆ ಹೋದರೆ, ಆ ಹಾಲನ್ನು ಮುಂದಕ್ಕೆ ಬಿಡದೆ ಹಿಂದಕ್ಕೆ ತಿರುಗಿಸುವ ಕವಾಟವೊಂದು ತಾನಾಗಿಯೇ ಕೆಲಸ ಮಾಡುತ್ತದೆ.

ಮೂರನೆಯ ಮಾರ್ಗವೂ ಒಂದಿದೆ: 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಗಾಳಿ ಸೋಕದಂತೆ ಪದರಪದರದ ಪೊಟ್ಟಣದಲ್ಲಿ ತುಂಬುವುದು. ಅದು ಶೀತಪೆಟ್ಟಿಗೆಯಿಲ್ಲದೆ ಬಹಳ ದಿನ ಉಳಿಯುತ್ತದೆ. ದೂರದ ಊರಿಗೆ, ಸೈನ್ಯದ ನೆಲೆಗೆ ಹೇಳಿಮಾಡಿಸಿದಂಥದು. ಆದರೆ ಪೊಟ್ಟಣದ ಬೆಲೆ ಹಾಲಿನ ಮೇಲೆ ಕೂರುತ್ತದೆ. ಬೆಳಗ್ಗೆ ಕೊಂಡು ಮಧ್ಯಾಹ್ನದೊಳಗೆ ಮುಗಿಸುವ ಪಾಳ್ಯದ ಸಂಸಾರಕ್ಕೆ ಆ ದೀರ್ಘಾಯುಷ್ಯದಿಂದ ಆಗಬೇಕಾದುದೇನು?

ಪೊಟ್ಟಣದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಮೊದಮೊದಲು ಪಟ್ಟಣದ ಡೈರಿಗಳು ಹಾಲನ್ನು ಗಾಜಿನ ಶೀಶೆಗಳಲ್ಲಿ ಮಾರುತ್ತಿದ್ದವು. ಶೀಶೆ ಮರಳಿ ಬರಬೇಕು, ಬಿಸಿನೀರಿನಲ್ಲಿ ತೊಳೆಯಬೇಕು, ಒಡೆದುದಕ್ಕೆ ಲೆಕ್ಕವಿಡಬೇಕು. ಹಾಲಿನ ಹರಿವು ಎಷ್ಟೇ ವೇಗವಾಗಿದ್ದರೂ ಶೀಶೆಯ ಸರದಿಯಲ್ಲಿ ಅದು ಕಾದು ನಿಲ್ಲಬೇಕು. ಪ್ಲಾಸ್ಟಿಕ್ ಹಾಳೆಯ ಸುರುಳಿಯಿಂದಲೇ ಚೀಲವನ್ನು ಮಡಿಸಿ, ತುಂಬಿ, ಅಂಚನ್ನು ಬೆಸೆಯುವ ಯಂತ್ರ ಬಂದ ಮೇಲೆ ಆ ತಡೆ ತಪ್ಪಿತು. ಆದರೆ ಶೀಶೆ ತೊಳೆಯುವ ಖರ್ಚು ಡೈರಿಯ ಪುಸ್ತಕದಲ್ಲಿ ಬರೆದಿರುತ್ತಿತ್ತು. ಖಾಲಿ ಚೀಲವನ್ನು ಬಳಿದು ಸಾಗಿಸುವ ಖರ್ಚು ನಗರದ ಪುಸ್ತಕಕ್ಕೆ ಹೋಯಿತು. ಅಗ್ಗವಾದ ವಿಧಾನವೆಂದು ಹೊಗಳುವಾಗ ಯಾರ ಪುಸ್ತಕದಲ್ಲಿ ಅಗ್ಗವೆಂದು ಕೇಳುವುದು ಒಳ್ಳೆಯದು.

ನಿಲ್ಲಿಸಲಾಗದ ಹೊಳೆ

ಹರಿವಿನ ವಿಧಾನಕ್ಕೆ ಒಂದು ಶಾಪವುಂಟು. ಅದು ನಿಂತರೂ ಖರ್ಚು ನಿಲ್ಲದು. ತೊಟ್ಟಿಯನ್ನು ಅರ್ಧ ತುಂಬಿ ಕಾಯಿಸಬಹುದು. ಯಂತ್ರದ ಸಾಲನ್ನು ಅರ್ಧ ನಡೆಸಲಾಗದು. ಹಾಲು ಸ್ವಲ್ಪವಿದ್ದರೂ ಬಹಳವಿದ್ದರೂ ಕೊಳವೆಗಳನ್ನು ನಿತ್ಯ ಕ್ಷಾರದಿಂದಲೂ ಆಮ್ಲದಿಂದಲೂ ಬಿಸಿನೀರಿನಿಂದಲೂ ತೊಳೆಯಲೇಬೇಕು. ಆದ್ದರಿಂದ ಒಳಕ್ಕೆ ಬರುವ ಹಾಲು ದಿನವೂ ಒಂದೇ ಸಮನಾಗಿರಬೇಕು, ಹೊರಕ್ಕೆ ಹೋಗುವುದೂ ಒಂದೇ ಸಮನಾಗಿರಬೇಕು.

ಇದೇ ಪ್ರದೇಶದಲ್ಲಿದ್ದ ಇನ್ನೊಂದು ಕಾರ್ಖಾನೆಯೊಡನೆ ಹೋಲಿಸಿದರೆ ಇದು ಚೆನ್ನಾಗಿ ತಿಳಿಯುತ್ತದೆ. 1950ರ ದಶಕದ ಆರಂಭದಿಂದ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸುತ್ತಿತ್ತು. ಗಿರಾಕಿ ಕಡಮೆಯಾದರೆ ಪಂಪನ್ನು ಉಗ್ರಾಣದಲ್ಲಿ ಇಡಬಹುದು, ಒಂದು ಪಾಳಿಯನ್ನು ನಿಲ್ಲಿಸಬಹುದು. ಇಡೀ ತಯಾರಿಕೆಯನ್ನೇ ಬೇರೆಡೆಗೆ ಒಯ್ಯಲೂಬಹುದು: ಬಾಷ್ ಎಂಬ ಹೆಸರನ್ನು ತಳೆದ ಆ ಸಂಸ್ಥೆ 2015ರಲ್ಲಿ ಬಿಡದಿಯಲ್ಲಿ ಹೊಸ ಕಾರ್ಖಾನೆಯನ್ನು ತೆರೆಯಿತು, ಆಡುಗೋಡಿಯ ಹಳೆಯ ನೆಲ 2022ರ ಹೊತ್ತಿಗೆ ತಂತ್ರಜ್ಞಾನದ ಹೊಸ ಆವರಣವಾಯಿತು. ಪಂಪು ಹುಳಿಯಾಗುವುದಿಲ್ಲ. ಹಾಲು ಆಗುತ್ತದೆ. ಹಸುವಂತೂ ಮಾರುಕಟ್ಟೆಯ ಸ್ಥಿತಿಯನ್ನು ವಿಚಾರಿಸಿ ಹಾಲು ಕೊಡುವ ಪ್ರಾಣಿಯಲ್ಲ. ಮಳೆ ಬಿದ್ದು ಹಸಿರು ಮೇವು ಎದ್ದ ತಿಂಗಳುಗಳಲ್ಲಿ ಕೆಚ್ಚಲು ತುಂಬುತ್ತದೆ. ಮೊಸರು ಮಜ್ಜಿಗೆಗಳಿಗೆ ಬೇಡಿಕೆ ಏರುವ ಬೇಸಿಗೆಯಲ್ಲಿಯೇ ಬತ್ತುತ್ತದೆ.

ಖಾಸಗಿ ವ್ಯಾಪಾರಿಯಾದರೆ ಹಾಲು ಹೆಚ್ಚಿದ ದಿನ "ಇವತ್ತು ಬೇಡಮ್ಮ" ಎಂದು ಹೇಳಿ ಬಾಗಿಲು ಹಾಕಿಕೊಂಡಾನು. ದೇಶದ ಕೆಲವೆಡೆ ಹಾಲಿಗೆ ರಜೆ ಸಾರಿದ ಉದಾಹರಣೆಗಳೂ ಉಂಟು. ಆದರೆ ಬೆಂಗಳೂರು ಡೈರಿಯ ಯಂತ್ರಗಳ ಒಡೆತನ ಬೇರೆ ಬಗೆಯದು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಆರಂಭವಾದ ಹೈನು ಅಭಿವೃದ್ಧಿ ನಿಗಮವು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಬೆಂಗಳೂರು ಡೈರಿಯೂ ಜಿಲ್ಲೆಯ ಹಾಲು ಒಕ್ಕೂಟದ ಕೈಗೆ ಬಂದಿತು. ಹಳ್ಳಿಯ ಸಂಘಕ್ಕೆ ಬೆಳಗ್ಗೆ ನಾಲ್ಕು, ಸಂಜೆ ಮೂರು ಲೀಟರ್ ಹಾಕುವ ಹೆಂಗಸು ಅಲ್ಲಿ ಸರಕು ಒದಗಿಸುವವಳಷ್ಟೇ ಅಲ್ಲ, ಒಡೆಯರಲ್ಲಿ ಒಬ್ಬಳು. ಒಡೆಯಳ ಹಾಲನ್ನು ಬೇಡವೆನ್ನಲು ಬರುವುದಿಲ್ಲ. ಅವಳ ಮನೆಯಲ್ಲಿ ಬಟವಾಡೆಯ ಹಣ ಮಗುವಿನ ಶಾಲೆಯ ಖರ್ಚಿಗೋ ಹಸುವಿನ ಬೂಸ ಹಿಂಡಿಗೋ ಮೊದಲೇ ಹಂಚಿಹೋಗಿರುತ್ತದೆ. ಎರಡು ದಿನ ಹಾಲು ಮರಳಿ ಬಂದರೆ ಮೂರನೆಯ ದಿನ ಹಸುವಿನ ಮಾರಾಟದ ಮಾತು ಏಳುತ್ತದೆ. ಯಾವ ವಿಧಾನದಿಂದ ತಯಾರಿಸಬೇಕೆಂಬ ಪ್ರಶ್ನೆ ಇಲ್ಲಿ ಲೀಟರಿಗೆ ಎಷ್ಟು ಪೈಸೆ ಉಳಿಯಿತೆಂಬ ಲೆಕ್ಕಕ್ಕಿಂತ ದೊಡ್ಡದಾಗುತ್ತದೆ.

ಆಗ ಡೈರಿಯು ಬೇಕರಿಯವನ ರಸ್ಕಿನ ಉಪಾಯವನ್ನೇ ಹಿಡಿಯುತ್ತದೆ. ಮಿಕ್ಕ ಹಾಲಿನಿಂದ ಕೆನೆ ತೆಗೆದು ಬೆಣ್ಣೆ ಮಾಡುವುದು; ಕೆನೆ ತೆಗೆದ ಹಾಲನ್ನು ನಿರ್ವಾತದಲ್ಲಿ ಬತ್ತಿಸಿ, ಬಿಸಿಗಾಳಿಯ ಗೋಪುರದಲ್ಲಿ ತುಂತುರಾಗಿ ಸಿಂಪಡಿಸಿ, ಪುಡಿ ಮಾಡುವುದು. ಎಮ್ಮೆಯ ಹಾಲನ್ನು ಹೀಗೆ ಪುಡಿ ಮಾಡಲಾಗದೆಂದು ಪರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಆನಂದದ ಡೈರಿಯಲ್ಲಿ ಎಚ್. ಎಂ. ದಲಾಯ ಅವರು ಅದನ್ನು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ನೆಹರೂ ಅವರು ಅಲ್ಲಿನ ಕಾರ್ಖಾನೆಯನ್ನು ಉದ್ಘಾಟಿಸಿದರು. ಒಂದು ಕಿಲೋ ಪುಡಿಗೆ ಸುಮಾರು 11 ಲೀಟರ್ ಕೆನೆರಹಿತ ಹಾಲು ಬೇಕು. ಒಂದು ಲಕ್ಷ ಲೀಟರ್ ಹಾಲು ಮಿಕ್ಕಿತೆಂದರೆ ಸುಮಾರು 9 ಟನ್ನು ಪುಡಿ, 4 ಟನ್ನಿಗೆ ಮೀರಿದ ಬೆಣ್ಣೆ. ಆ ನೀರನ್ನೆಲ್ಲ ಹೊರದೂಡುವುದಕ್ಕೆ ಸುಡಬೇಕಾದ ಉರುವಲು ಅಷ್ಟಿಷ್ಟಲ್ಲ. ಪುಡಿಯ ಬೆಲೆಯೋ ಲೋಕದ ಮಾರುಕಟ್ಟೆಯೊಡನೆ ಏರಿಳಿಯುವಂಥದು. ಬೆಲೆ ಇಳಿದ ವರ್ಷ ಪುಡಿ ಮಾಡಿದಷ್ಟೂ ನಷ್ಟ. ಮಾಡದಿದ್ದರೆ ಹಾಲೇ ನಷ್ಟ.

ಉಗ್ರಾಣದ ಪುಡಿಗೆ ಒಂದು ದಾರಿ ತೆರೆದುದು 2013ರ ಆಗಸ್ಟಿನಲ್ಲಿ. ಕ್ಷೀರಭಾಗ್ಯ ಯೋಜನೆಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ 150 ಮಿಲಿ ಲೀಟರ್ ಹಾಲು ದೊರೆಯತೊಡಗಿತು. ಆ ಲೋಟದೊಳಗೆ ಇರುವುದು 18 ಗ್ರಾಂ ಹಾಲಿನ ಪುಡಿ. ಹಳ್ಳಿಯಿಂದ ಹಾಲಾಗಿ ಹೊರಟದ್ದು ಪುಡಿಯಾಗಿ ಮರಳಿ ಹಳ್ಳಿಯ ಶಾಲೆಗೇ ಬಂದು ಮತ್ತೆ ಹಾಲಾಗುವುದನ್ನು ಕಂಡು ನಗುವವರಿರಬಹುದು. ಆದರೆ ಡೈರಿಯ ದೃಷ್ಟಿಯಿಂದ ಅದು ಸಂಚಿತ ಹರಿವಿಗೆ ತೆಗೆದ ತೂಬು. 2020ರ ಏಪ್ರಿಲ್‌ನಲ್ಲಿ ಕೋವಿಡ್ ದಿಗ್ಬಂಧನದಿಂದ ಹೋಟೆಲುಗಳೆಲ್ಲ ಮುಚ್ಚಿದಾಗ ಮಿಕ್ಕ ಹಾಲನ್ನು ಸರ್ಕಾರ ಕೊಂಡು ನಗರದ ಬಡವರಿಗೆ ಉಚಿತವಾಗಿ ಹಂಚಿತು. ಅದೂ ಒಂದು ತೂಬೇ.

ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದವರೂ ಇಲ್ಲದಿಲ್ಲ. ಧಾರವಾಡದ ಲೈನ್ ಬಜಾರಿನ ಠಾಕೂರ್ ಮನೆತನದ ಪೇಡೆಯ ಅಂಗಡಿ, ಹೆಸರು ನಾಡೆಲ್ಲ ಹಬ್ಬಿದ್ದರೂ, ಸ್ವಲ್ಪವೇ ಮಾಡಿ ಮಾರುವ ಹಟಕ್ಕೆ ಪ್ರಸಿದ್ಧ. ಗಿರಾಕಿ ಸಾಲಿನಲ್ಲಿ ನಿಲ್ಲಬೇಕು, ಮುಗಿದರೆ ಮುಗಿಯಿತು. ಅದೇ ಊರಿನ ಮಿಶ್ರ ಪೇಡೆಯವರು ಕಾರ್ಖಾನೆಯ ಹಾದಿಯನ್ನು ಹಿಡಿದು ಬೆಂಗಳೂರಿನ ಬೀದಿಗಳವರೆಗೆ ಅಂಗಡಿಗಳನ್ನು ತೆರೆದರು. ಬಾಣಲೆಯಲ್ಲಿ ಮಗುಚಿ ಮಗುಚಿ ಕೆಂಪಗೆ ಹುರಿದ ಖೋವೆಯ ಘಮಲನ್ನು ನಂಬಿದವರು ಒಬ್ಬರು, ಎಲ್ಲ ಊರಿಗೂ ಒಂದೇ ರುಚಿ ಮುಟ್ಟಿಸಬೇಕೆಂದು ಹೊರಟವರು ಇನ್ನೊಬ್ಬರು. ಇಬ್ಬರಲ್ಲಿ ಯಾರು ತಪ್ಪಿದರೆಂದು ಹೇಳುವುದು ಕಷ್ಟ. ಪೇಡೆಗೆ ಸಕ್ಕರೆಯ ರಕ್ಷಣೆಯುಂಟು. ಅದು ನಾಳೆಗೂ ಕಾಯುತ್ತದೆ. ಆದ್ದರಿಂದ ಪೇಡೆಯವನಿಗೆ ಆಯ್ಕೆಯ ಸ್ವಾತಂತ್ರ್ಯವುಂಟು. ಹಸಿ ಹಾಲನ್ನು ನಂಬಿದ ಒಕ್ಕೂಟಕ್ಕೆ ಅಂಥ ಸ್ವಾತಂತ್ರ್ಯ ಎಲ್ಲಿಂದ ಬರಬೇಕು?

ಆ ಇಕ್ಕಟ್ಟು ಪಾಳ್ಯದ ಬೂತಿನವರೆಗೂ ಬಂದುದು 2024ರಲ್ಲಿ. ರೈತರಿಗೆ ಲೀಟರಿಗೆ 2 ರೂಪಾಯಿಯಂತೆ 2008ರಲ್ಲಿ ಆರಂಭವಾಗಿದ್ದ ಸರ್ಕಾರದ ಪ್ರೋತ್ಸಾಹಧನ 2016ರ ಹೊತ್ತಿಗೆ 5 ರೂಪಾಯಿಗೆ ಏರಿ, ಹಸು ಕಟ್ಟುವವರಿಗೆ ಧೈರ್ಯ ಕೊಟ್ಟಿತ್ತು. ಬರದ ವರ್ಷ ಕಳೆದು ಮುಂಗಾರು ಹಿಡಿದಾಗ ಮಹಾಮಂಡಳಕ್ಕೆ ಬರುವ ಹಾಲು ದಿನಕ್ಕೆ 1 ಕೋಟಿ ಲೀಟರಿನ ಮಟ್ಟಕ್ಕೆ ಮುಟ್ಟಿತು. ಪುಡಿ ಮಾಡಿದರೆ ನಷ್ಟ, ಬೇಡವೆಂದರೆ ದ್ರೋಹ. ಜೂನ್ 26ರಿಂದ ನಂದಿನಿಯ ಪ್ರತಿಯೊಂದು ಹಾಲಿನ ಪೊಟ್ಟಣಕ್ಕೂ 50 ಮಿಲಿ ಲೀಟರ್ ಹೆಚ್ಚು ಹಾಲನ್ನು ತುಂಬಿ, ಬೆಲೆಯನ್ನು 2 ರೂಪಾಯಿ ಏರಿಸಲಾಯಿತು. ಕಾಲು ಲೋಟದಷ್ಟು ಹಾಲನ್ನು ಪ್ರತಿ ಮನೆಯ ಒಲೆಗೂ ಹಂಚಿ, ಪುಡಿಯ ಗೋಪುರಕ್ಕೆ ಹೋಗಬೇಕಾದ ಲಕ್ಷಾಂತರ ಲೀಟರನ್ನು ತಪ್ಪಿಸುವ ಉಪಾಯವದು. ಯಂತ್ರದಲ್ಲಿ ಬದಲಾಯಿಸಿದ್ದು ತುಂಬುವ ಅಳತೆಯೊಂದನ್ನೇ.

ಬೂತಿನ ಮುಂದೆ ಅಸಮಾಧಾನವೂ ಕೇಳಿಬಂದಿತು. ಅರ್ಧ ಲೀಟರು ಸಾಕಾಗಿದ್ದ ಒಂಟಿ ಮುದುಕಿ, ಕಾಲೇಜಿನ ಕೋಣೆವಾಸಿ ಹುಡುಗ, ಇವರಿಗೆ ಬೇಡದ 50 ಮಿಲಿ ಲೀಟರಿಗೆ ಕಾಸು ತೆರುವುದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ. ಹಳ್ಳಿಯ ಸಂಘದ ಮುಂದೆ ಕ್ಯಾನಿನೊಡನೆ ನಿಂತವಳಿಗಾದರೋ ಆ ಸಂಜೆಯ ಹಾಲು ಮರಳಿ ಬರಲಿಲ್ಲವೆಂಬುದೇ ದೊಡ್ಡದು. 2025ರ ಏಪ್ರಿಲ್ 1ರಿಂದ ಹೆಚ್ಚಿಗೆಯ ಹಾಲನ್ನು ಹಿಂತೆಗೆದುಕೊಂಡು, ಲೀಟರಿಗೆ 4 ರೂಪಾಯಿ ಏರಿಸಿ, ಆ ಹಣವನ್ನು ಹಾಲು ಹಾಕುವವರಿಗೆ ಮುಟ್ಟಿಸಲಾಗುವುದೆಂದು ಘೋಷಿಸಲಾಯಿತು. ಪೊಟ್ಟಣ ಹಳೆಯ ಅಳತೆಗೆ ಮರಳಿತು. ಬೇಸಿಗೆಯಾದುದರಿಂದ ಆಗ ಹಾಲೂ ಸ್ವಲ್ಪ ಇಳಿದಿತ್ತು. ಮುಂಗಾರಿಗೆ ಇನ್ನು ಎರಡು ತಿಂಗಳಿತ್ತು.